ಜೋಡಿ ಕ್ಯಾಸೆಟ್‌ಗಳು: ‘ಮೊದಲು ಯಾವುದು’ ಎಂಬ ಪ್ರಶ್ನೆಯ ಇತಿಹಾಸ

ಎರಡು ಹೊಸ ವಿಡಿಯೊ ಗೇಮ್‌ಗಳಲ್ಲಿ ಯಾವುದನ್ನು ಮೊದಲು ಆಡಬೇಕು ಎಂಬ ಪ್ರಶ್ನೆ ಮೇಲ್ನೋಟಕ್ಕೆ ಕೊಳ್ಳುವವರ ಜೇಬಿಗೂ ಬಿಡುವಿಗೂ ಮಾತ್ರ ಸಂಬಂಧಿಸಿದ್ದೆಂದು ತೋರುತ್ತದೆ. ಆದರೆ ಜಪಾನಿನಲ್ಲಿ 1996ರ ಫೆಬ್ರುವರಿ 27ರಂದು ಒಂದೇ ಆಟದ ಎರಡು ರೂಪಗಳು, ಒಂದು ಕೆಂಪು ಮತ್ತೊಂದು ಹಸಿರು ಹೆಸರಿನಲ್ಲಿ, ಅಕ್ಕಪಕ್ಕದಲ್ಲಿ ಮಾರಾಟಕ್ಕೆ ಬಂದ ಮೇಲೆ ಈ ಪ್ರಶ್ನೆ ಆಟದ ರಚನೆಯೊಳಗೇ ಸೇರಿಕೊಂಡಿತು. ಸರಿಯಾಗಿ ಐದು ವರ್ಷಗಳ ಅನಂತರ, 2001ರ ಫೆಬ್ರುವರಿ 27ರಂದು, ಅದೇ ದೇಶದಲ್ಲಿ ಬಿಡುಗಡೆಯಾದ ಮತ್ತೊಂದು ಜೋಡಿಯಲ್ಲಿ ಯಾವುದನ್ನು ಮೊದಲು ಆಡಿದರೆಂಬುದೇ ಕಥೆಯ ಗತಿಯನ್ನು ನಿರ್ಧರಿಸತೊಡಗಿತು. ಮೊದಲನೆಯದು ಪೋಕೆಮಾನ್, ಎರಡನೆಯದು ಜೆಲ್ಡಾ ಸರಣಿಯ ‘ಒರಾಕಲ್’ ಜೋಡಿ. ಇವೆರಡರ ನಡುವಿನ ಐದು ವರ್ಷಗಳಲ್ಲಿ ಒಂದು ತಾಂತ್ರಿಕ ಅನುಕೂಲ ವ್ಯಾಪಾರದ ಪದ್ಧತಿಯಾಗಿ, ವ್ಯಾಪಾರದ ಪದ್ಧತಿ ಕಥನದ ಕ್ರಮವಾಗಿ ಬದಲಾದ ರೀತಿ ವಿಡಿಯೊ ಗೇಮ್‌ಗಳ ಇತಿಹಾಸದಲ್ಲಿ ಗಂಭೀರವಾದ ಅಧ್ಯಯನಕ್ಕೆ ಯೋಗ್ಯವಾದ ಘಟ್ಟವಾಗಿದೆ.

ಈ ಪದ್ಧತಿಯ ಮೂಲ ಒಂದು ತಂತಿಯಲ್ಲಿದೆ. 1889ರಲ್ಲಿ ಕ್ಯೋಟೊ ನಗರದಲ್ಲಿ ಹೂವಿನ ಚಿತ್ರಗಳ ಇಸ್ಪೀಟೆಲೆಗಳನ್ನು ತಯಾರಿಸುವ ಅಂಗಡಿಯಾಗಿ ಆರಂಭವಾದ ನಿಂಟೆಂಡೊ ಸಂಸ್ಥೆ, ಸುಮಾರು ನೂರು ವರ್ಷಗಳ ಬಳಿಕ, 1989ರ ಏಪ್ರಿಲ್ 21ರಂದು, ಗುನ್‌ಪೇ ಯೊಕೊಯಿ ಅವರ ನೇತೃತ್ವದ ತಂಡ ರೂಪಿಸಿದ ‘ಗೇಮ್ ಬಾಯ್’ ಎಂಬ ಕೈಯಲ್ಲಿ ಹಿಡಿದು ಆಡುವ ಯಂತ್ರವನ್ನು ಬಿಡುಗಡೆ ಮಾಡಿತು. ಅಡ್ಡಕ್ಕೆ 160, ಉದ್ದಕ್ಕೆ 144 ಚುಕ್ಕಿಗಳ ಅದರ ಚಿಕ್ಕ ಪರದೆಯಲ್ಲಿ ಬಣ್ಣಗಳಿರಲಿಲ್ಲ, ಇದ್ದದ್ದು ನಾಲ್ಕು ಛಾಯೆಗಳು ಮಾತ್ರ. ನಾಲ್ಕು ಸಣ್ಣ ಬ್ಯಾಟರಿಗಳಿಂದ ನಡೆಯುವ ಈ ಯಂತ್ರದ ಬೆನ್ನಿಗೆ ಕ್ಯಾಸೆಟ್, ಅಂದರೆ ಆಟದ ಸಮಸ್ತ ಮಾಹಿತಿಯನ್ನು ಚಿಪ್‌ನಲ್ಲಿ ಅಡಗಿಸಿಟ್ಟ ಪ್ಲಾಸ್ಟಿಕ್ ಡಬ್ಬಿ, ಸಿಕ್ಕಿಸಬೇಕಾಗಿತ್ತು. ಯಂತ್ರದ ಪಕ್ಕದಲ್ಲಿದ್ದ ಒಂದು ಸಣ್ಣ ಕಿಂಡಿಗೆ ತಂತಿಯನ್ನು ಜೋಡಿಸಿದರೆ ಎರಡು ಗೇಮ್ ಬಾಯ್‌ಗಳು ಪರಸ್ಪರ ಮಾಹಿತಿಯನ್ನು ರವಾನಿಸಬಲ್ಲವಾಗಿದ್ದವು. ಅದರ ವೇಗ ಸೆಕೆಂಡಿಗೆ 8,192 ಬಿಟ್‌ಗಳು, ಎಂದರೆ ಸುಮಾರು ಒಂದು ಸಾವಿರ ಅಕ್ಷರಗಳಷ್ಟು. ಮೊದಲ ಕೆಲವು ವರ್ಷಗಳಲ್ಲಿ ಈ ತಂತಿ ಮುಖ್ಯವಾಗಿ ಪೈಪೋಟಿಗೆ ಬಳಕೆಯಾಯಿತು. ಟೆಟ್ರಿಸ್‌ನಲ್ಲಿ ಒಬ್ಬರು ಸಾಲುಗಳನ್ನು ಅಳಿಸಿದರೆ ಎದುರಾಳಿಯ ಪರದೆಯ ತಳದಲ್ಲಿ ಸಾಲುಗಳು ಏರುತ್ತಿದ್ದುದು ಅದಕ್ಕೆ ಒಳ್ಳೆಯ ನಿದರ್ಶನ.

ತಂತಿಯ ಮೂಲಕ ಸ್ಪರ್ಧೆಯ ಬದಲು ವಿನಿಮಯ ನಡೆಯಬಹುದೆಂದು ಕಂಡುಕೊಂಡವರು ಸಾತೋಶಿ ತಾಜಿರಿ. 1965ರಲ್ಲಿ ಜನಿಸಿ ತೋಕಿಯೊ ಹೊರವಲಯದ ಮಾಚಿದಾದಲ್ಲಿ ಬೆಳೆದ ಅವರು ಬಾಲ್ಯದಲ್ಲಿ ಕೆರೆ, ಗದ್ದೆ, ಕುರುಚಲು ಕಾಡುಗಳಲ್ಲಿ ಹುಳುಗಳನ್ನು ಹಿಡಿದು ಸಂಗ್ರಹಿಸುವುದರಲ್ಲಿ ಆಸಕ್ತರಾಗಿದ್ದರು, ಮತ್ತು ನಗರ ಬೆಳೆದಂತೆ ಆ ಗದ್ದೆಗಳ ಜಾಗದಲ್ಲಿ ಕಟ್ಟಡಗಳು ಎದ್ದುದನ್ನು ಕಣ್ಣಾರೆ ಕಂಡಿದ್ದರು. 1983ರಲ್ಲಿ ಅವರು ಆರಂಭಿಸಿದ ‘ಗೇಮ್ ಫ್ರೀಕ್’ ಎಂಬ ಕಿರುಪತ್ರಿಕೆ 1989ರಲ್ಲಿ ಅದೇ ಹೆಸರಿನ ಆಟ ತಯಾರಿಕಾ ಸಂಸ್ಥೆಯಾಯಿತು. ಎರಡು ಗೇಮ್ ಬಾಯ್‌ಗಳ ನಡುವಿನ ತಂತಿಯ ಮೇಲೆ ಹುಳುವೊಂದು ಆ ಯಂತ್ರದಿಂದ ಈ ಯಂತ್ರಕ್ಕೆ ಹರಿದು ಹೋಗುವ ಕಲ್ಪನೆ ಪೋಕೆಮಾನ್‌ಗೆ ಬೀಜವಾಯಿತೆಂದು ತಾಜಿರಿಯವರೇ ಸಂದರ್ಶನಗಳಲ್ಲಿ ವಿವರಿಸಿದ್ದಾರೆ. ಆ ಬೀಜ ಮೊಳೆತು ಜೀವಿಗಳನ್ನು ಹಿಡಿದು ಸಂಗ್ರಹಿಸುವ ಆಟವಾಗಲು ಸುಮಾರು ಆರು ವರ್ಷಗಳು ಹಿಡಿದವು.

ವಿನಿಮಯ ನಡೆಯಬೇಕಾದರೆ ಇಬ್ಬರ ಬಳಿಯೂ ಬೇರೆ ಬೇರೆ ವಸ್ತುಗಳಿರಬೇಕು. ಎಲ್ಲರ ಕ್ಯಾಸೆಟ್‌ನಲ್ಲೂ ಎಲ್ಲವೂ ಸಿಕ್ಕಿದರೆ ಒಬ್ಬ ಬಾಲಕ ಮತ್ತೊಬ್ಬನನ್ನು ಹುಡುಕಿಕೊಂಡು ಹೋಗುವ ಅಗತ್ಯವೇ ಇರುವುದಿಲ್ಲ. ಈ ತೊಡಕಿಗೆ ಪರಿಹಾರವಾಗಿಯೇ ಆಟವನ್ನು ಎರಡು ಬಣ್ಣಗಳಲ್ಲಿ ಒಡೆದು ಹೊರತರುವ ಉಪಾಯ ರೂಪುಗೊಂಡಿತು, ಮತ್ತು ಆ ಸಲಹೆಯ ಶ್ರೇಯಸ್ಸು ಮಾರಿಯೊ ಹಾಗೂ ಜೆಲ್ಡಾಗಳ ನಿರ್ಮಾತೃ ಶಿಗೆರು ಮಿಯಾಮೊತೊ ಅವರಿಗೆ ಸಲ್ಲುತ್ತದೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಸಂಗತಿ. ಎರಡೂ ಕ್ಯಾಸೆಟ್‌ಗಳ ಕಥೆ, ಊರುಗಳು, ದಾರಿಗಳು ಒಂದೇ. ಆದರೆ ಕೆಂಪು ಕ್ಯಾಸೆಟ್‌ನಲ್ಲಿ ಸಿಗುವ ಎಕಾನ್ಸ್, ಗ್ರೌಲಿತ್, ಸೈಥರ್ ಮುಂತಾದ ಜೀವಿಗಳು ಹಸಿರಿನಲ್ಲಿ ಸಿಗುತ್ತಿರಲಿಲ್ಲ, ಹಸಿರಿನ ಸ್ಯಾಂಡ್‌ಶ್ರೂ, ವಲ್ಪಿಕ್ಸ್, ಪಿನ್ಸರ್‌ಗಳು ಕೆಂಪಿನಲ್ಲಿ ಸಿಗುತ್ತಿರಲಿಲ್ಲ. ಇನ್ನೂ ಮುಂದೆ ಹೋಗಿ, ಕೆಡಾಬ್ರಾ, ಹಾಂಟರ್‌ನಂಥ ನಾಲ್ಕು ಜೀವಿಗಳು ತಮ್ಮ ಮುಂದಿನ ರೂಪವನ್ನು ತಾಳಬೇಕಾದರೆ ತಂತಿಯನ್ನು ದಾಟಿ ಮತ್ತೊಬ್ಬರ ಯಂತ್ರವನ್ನು ಸೇರಲೇಬೇಕೆಂಬ ನಿಯಮವನ್ನೂ ಇಡಲಾಯಿತು. ಹೀಗೆ ದಾಟುವಾಗ ಒಂದು ಜೀವಿಯ ಬಲ, ವಿದ್ಯೆ, ಅನುಭವ ಎಲ್ಲವೂ 44 ಬೈಟ್‌ಗಳ ಒಂದು ಪುಟ್ಟ ದಾಖಲೆಯಲ್ಲಿ ಅಡಕವಾಗಿರುತ್ತಿದ್ದವು ಎಂಬುದನ್ನು ಗಮನಿಸಿದರೆ, ಅಷ್ಟು ಬಡ ಯಂತ್ರದಿಂದ ಅಷ್ಟು ಶ್ರೀಮಂತವಾದ ಸಾಮಾಜಿಕ ಆಟವನ್ನು ಹೊರಡಿಸಿದ ಆ ಚಿಕ್ಕ ತಂಡದ ಸಾಧನೆ ಮನಸ್ಸಿಗೆ ಬರುತ್ತದೆ.

ಒಂದರ ಬೆಲೆ 3,900 ಯೆನ್ ಆಗಿದ್ದುದರಿಂದ ಸಾಮಾನ್ಯ ಕುಟುಂಬದ ಮಗುವಿಗೆ ಎರಡನ್ನೂ ಕೊಳ್ಳುವುದು ಸುಲಭವಾಗಿರಲಿಲ್ಲ, ಕೊಳ್ಳಲಿ ಎಂಬುದು ಆಟದ ಮೂಲ ಆಶಯವೂ ಆಗಿರಲಿಲ್ಲ. ಅಣ್ಣ ಕೆಂಪನ್ನು ಆರಿಸಿಕೊಂಡರೆ ತಮ್ಮನಿಗೆ ಹಸಿರು, ಪಕ್ಕದ ಮನೆಯವನ ಬಳಿ ಹಸಿರಿದ್ದರೆ ತನಗೆ ಕೆಂಪು ಎಂಬ ಲೆಕ್ಕಾಚಾರ ಅಂಗಡಿಗೆ ಹೋಗುವ ಮೊದಲೇ ನಡೆಯಬೇಕಾಗಿತ್ತು. ಆಟದ ಮೊದಲ ನಡೆಯನ್ನು ಯಂತ್ರದ ಗುಂಡಿ ಒತ್ತುವ ಮುನ್ನವೇ, ಗೆಳೆಯರ ಮಾತುಕತೆಯಲ್ಲಿಯೇ ಇಡುವಂತೆ ಮಾಡಿದ್ದು ಈ ರಚನೆಯ ಜಾಣ್ಮೆ. ಆರಂಭದಲ್ಲಿ ಮಾರಾಟ ಸಾಧಾರಣವಾಗಿತ್ತು. ಯಂತ್ರಕ್ಕೆ ಆಗಲೇ ಏಳು ವರ್ಷಗಳಾಗಿದ್ದು, ಅದರ ಕಾಲ ಮುಗಿಯುತ್ತಿದೆಯೆಂಬ ಭಾವನೆ ವ್ಯಾಪಕವಾಗಿತ್ತು. ಆಟದಲ್ಲಿ 150 ಜೀವಿಗಳಿವೆಯೆಂದು ಪ್ರಕಟಿಸಲಾಗಿದ್ದರೂ ಪ್ರೋಗ್ರಾಮ್ ಬರೆಯುವವರಲ್ಲಿ ಒಬ್ಬರಾದ ಶಿಗೆಕಿ ಮೊರಿಮೊತೊ ಅವರು ಕೊನೆಯ ಗಳಿಗೆಯಲ್ಲಿ ಉಳಿದ ಅಲ್ಪ ಸ್ಥಳದಲ್ಲಿ ‘ಮ್ಯೂ’ ಎಂಬ 151ನೆಯ ಜೀವಿಯನ್ನು ಗುಟ್ಟಾಗಿ ಸೇರಿಸಿದ್ದರು. ‘ಕೊರೊಕೊರೊ’ ಎಂಬ ಮಕ್ಕಳ ಮಾಸಪತ್ರಿಕೆ ಆ ಜೀವಿಯನ್ನು 20 ಓದುಗರಿಗೆ ಕೊಡುವುದಾಗಿ ಘೋಷಿಸಿದಾಗ ಸುಮಾರು 78,000 ಅರ್ಜಿಗಳು ಬಂದವು, ಮತ್ತು ಅಲ್ಲಿಂದ ಆಟದ ಖ್ಯಾತಿ ಬಾಯಿಂದ ಬಾಯಿಗೆ ಹರಡಿತು. 1998ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ ಇದು ಕೆಂಪು ಮತ್ತು ನೀಲಿ ಎಂಬ ಜೋಡಿಯಾಗಿ ಬಿಡುಗಡೆಯಾಯಿತು.

ಯಶಸ್ಸು ಕಂಡೊಡನೆ ಅನುಕರಣೆ ಆರಂಭವಾಯಿತು. 1997ರಲ್ಲಿ ಬಂದ ‘ಮೆದಾರೊತ್ತೊ’ ಎಂಬ ಯಂತ್ರಮಾನವರ ಆಟ ಜಪಾನಿ ಮಕ್ಕಳಿಗೆ ಪ್ರಿಯವಾದ ಎರಡು ದುಂಬಿಗಳ, ಕೊಂಬಿನ ದುಂಬಿ ಮತ್ತು ಇಕ್ಕುಳದಂಥ ದವಡೆಯ ದುಂಬಿಗಳ, ಹೆಸರಿನಲ್ಲಿ ಎರಡು ಆವೃತ್ತಿಗಳಾಗಿ ಹೊರಬಂದಿತು. 2001ರಲ್ಲಿ ‘ಡ್ರ್ಯಾಗನ್ ಕ್ವೆಸ್ಟ್ ಮಾನ್‌ಸ್ಟರ್ಸ್’ನ ಎರಡನೆಯ ಭಾಗವೂ ಒಡಹುಟ್ಟಿದವರಿಬ್ಬರ ಹೆಸರಿನ ಎರಡು ಕ್ಯಾಸೆಟ್‌ಗಳಾಗಿ ಬಂದಿತು. ಈ ಅನುಕರಣೆಗಳಲ್ಲಿ ಹೆಚ್ಚಿನವು ಮೂಲದ ತರ್ಕವನ್ನು ಹೊರನೋಟಕ್ಕಷ್ಟೇ ಗ್ರಹಿಸಿದವು. ಕೆಲವು ಪಾತ್ರಗಳನ್ನು ಅಲ್ಲಿಂದಿಲ್ಲಿಗೆ ಬದಲಿಸಿ ಒಂದೇ ಕೃತಿಯನ್ನು ಎರಡು ಬಾರಿ ಮಾರುವ ಅಭ್ಯಾಸಕ್ಕೆ ಇವು ದಾರಿ ಮಾಡಿದವೆಂಬ ಆಕ್ಷೇಪ ನ್ಯಾಯವಾದುದು. ಎರಡೂ ಕ್ಯಾಸೆಟ್‌ಗಳನ್ನು ಒಬ್ಬನೇ ಕೊಂಡರೆ ಅವನಿಗೆ ದೊರಕುವುದು ಎರಡನೆಯ ಬಾರಿಯ ಅದೇ ಕಥೆ. ಹೀಗಾಗಿ ‘ಮೊದಲು ಯಾವುದು’ ಎಂಬ ಪ್ರಶ್ನೆಗೆ ಪೋಕೆಮಾನ್ ಮಾದರಿಯಲ್ಲಿ ಸಂಗ್ರಹಕಾರನ ಉತ್ತರವಿತ್ತೇ ಹೊರತು ಕಥೆ ಓದುವವನ ಉತ್ತರವಿರಲಿಲ್ಲ.

ಆ ಎರಡನೆಯ ಬಗೆಯ ಉತ್ತರವನ್ನು ಒದಗಿಸಿದ ಒರಾಕಲ್ ಜೋಡಿ ಹುಟ್ಟಿದ್ದು ನಿಂಟೆಂಡೊದ ಹೊರಗೆ. ‘ಸ್ಟ್ರೀಟ್ ಫೈಟರ್ 2’ರ ನಿರ್ಮಾಣದಿಂದ ಹೆಸರಾದ ಕ್ಯಾಪ್‌ಕಾಮ್‌ನ ಯೋಶಿಕಿ ಒಕಾಮೊತೊ 1997ರಲ್ಲಿ ‘ಫ್ಲ್ಯಾಗ್‌ಶಿಪ್’ ಎಂಬ ಅಂಗಸಂಸ್ಥೆಯನ್ನು ಕಟ್ಟಿದ್ದರು. 1986ರಲ್ಲಿ ಬಂದ ಮೊದಲ ‘ದ ಲೆಜೆಂಡ್ ಆಫ್ ಜೆಲ್ಡಾ’ವನ್ನು ಬಣ್ಣದ ಗೇಮ್ ಬಾಯ್‌ಗೆ ಹೊಸದಾಗಿ ರೂಪಾಂತರಿಸುವ ಪ್ರಸ್ತಾಪದೊಡನೆ ಅವರು ಮಿಯಾಮೊತೊ ಅವರನ್ನು ಸಂಪರ್ಕಿಸಿದರು. ಆದರೆ ಕೆಲಸ ಆರಂಭವಾದೊಡನೆ ತೊಂದರೆಗಳು ಎದುರಾದವು. ಹಳೆಯ ಆಟದ ಒಂದೊಂದು ಕೋಣೆಯೂ ಟಿವಿ ಪರದೆಯ ಅಗಲಕ್ಕೆ ತಕ್ಕಂತೆ ರಚಿತವಾಗಿದ್ದು, ಅದಕ್ಕಿಂತ ಕಿರಿದಾದ ಗೇಮ್ ಬಾಯ್ ಪರದೆಯಲ್ಲಿ ಕೋಣೆಯ ಗೋಡೆಗಳು ಒಟ್ಟಿಗೆ ಕಾಣುತ್ತಿರಲಿಲ್ಲ. ನಕ್ಷೆಗಳನ್ನು ಬದಲಿಸಿದರೆ ಕಥೆಯನ್ನು ಬದಲಿಸಬೇಕು, ಕಥೆ ಬದಲಾದರೆ ನಕ್ಷೆಗಳು ಮತ್ತೆ ಹೊಂದುವುದಿಲ್ಲ ಎಂಬ ಸ್ಥಿತಿಯಲ್ಲಿ ತಂಡ ರೂಪಾಂತರದ ಆಲೋಚನೆಯನ್ನು ಕೈಬಿಟ್ಟು ಹೊಸ ಆಟಗಳತ್ತ ಹೊರಳಿತು.

ಹೊಸ ಯೋಜನೆಯಲ್ಲಿ ಇದ್ದುದು ಮೂರು ಆಟಗಳು. ಜೆಲ್ಡಾ ಸರಣಿಯ ಪುರಾಣದಲ್ಲಿ ಬಲ, ಜ್ಞಾನ, ಧೈರ್ಯಗಳನ್ನು ಪ್ರತಿನಿಧಿಸುವ ಮೂರು ಚಿನ್ನದ ತ್ರಿಕೋನಗಳಿದ್ದು, ಒಂದೊಂದಕ್ಕೆ ಒಂದೊಂದು ಆಟವೆಂಬುದು ಉದ್ದೇಶವಾಗಿತ್ತು. ಯಾವ ಕ್ರಮದಲ್ಲಿ ಆಡಿದರೂ ಹಿಂದಿನ ಆಟದಲ್ಲಿ ಮಾಡಿದ್ದು ಮುಂದಿನ ಆಟದಲ್ಲಿ ಪ್ರತಿಫಲಿಸಬೇಕು ಎಂಬ ನಿಯಮವೇ ಈ ಯೋಜನೆಯ ಹಿರಿಮೆಯೂ ಆಗಿತ್ತು, ಹೊರೆಯೂ ಆಗಿತ್ತು. ಎರಡು ಆಟಗಳನ್ನು ಆಡುವ ಕ್ರಮಗಳು ಎರಡೇ ಆದರೆ ಮೂರು ಆಟಗಳ ಕ್ರಮಗಳು ಆರಾಗುತ್ತವೆ, ಮತ್ತು ಆರು ಕ್ರಮಗಳಲ್ಲೂ ಯಾವ ಪಾತ್ರ ಯಾರನ್ನು ಮೊದಲೇ ಬಲ್ಲದು, ಯಾವ ಘಟನೆ ನಡೆದುಹೋಗಿದೆ, ಯಾವುದು ನಡೆಯಬೇಕಿದೆ ಎಂಬುದು ಎಲ್ಲಿಯೂ ವಿರೋಧವಿಲ್ಲದೆ ಹೊಂದಿಕೊಳ್ಳಬೇಕಾಗುತ್ತದೆ. ಈ ಜಟಿಲತೆಯನ್ನು ನಿಭಾಯಿಸಲಾಗದೆ ಒಂದು ಆಟವನ್ನು ಕೈಬಿಡಲಾಯಿತು. ಉಳಿದ ಎರಡು ‘ಒರಾಕಲ್ ಆಫ್ ಸೀಸನ್ಸ್’ ಮತ್ತು ‘ಒರಾಕಲ್ ಆಫ್ ಏಜಸ್’, ಅಂದರೆ ಋತುಗಳ ದೈವವಾಣಿ ಮತ್ತು ಯುಗಗಳ ದೈವವಾಣಿ ಎಂಬ ಹೆಸರುಗಳಲ್ಲಿ ಇಂಗ್ಲಿಷ್ ಆಟಗಾರರಿಗೆ ಪರಿಚಿತವಾದವು. ಇವುಗಳ ನಿರ್ದೇಶಕ ಹಿದೆಮಾರೊ ಫುಜಿಬಯಾಶಿ ಮುಂದೆ ನಿಂಟೆಂಡೊ ಸೇರಿ 2017ರ ‘ಬ್ರೆತ್ ಆಫ್ ದ ವೈಲ್ಡ್’ ಎಂಬ ಮಹತ್ವದ ಕೃತಿಯನ್ನು ನಿರ್ದೇಶಿಸಿದರು.

ಪೋಕೆಮಾನ್ ಜೋಡಿಗೆ ವ್ಯತಿರಿಕ್ತವಾಗಿ ಇವು ನಿಜವಾಗಿಯೂ ಎರಡು ಆಟಗಳು. ‘ಸೀಸನ್ಸ್’ ನಡೆಯುವುದು ಹೊಲೊಡ್ರಮ್ ಎಂಬ ನಾಡಿನಲ್ಲಿ. ಅಲ್ಲಿ ಒನಾಕ್ಸ್ ಎಂಬ ಸೇನಾನಿ ಋತುಗಳ ದೈವವಾಣಿಯಾದ ಡಿನ್ ಎಂಬ ನರ್ತಕಿಯನ್ನು ಸೆರೆಹಿಡಿದು ಕಾಲಧರ್ಮವನ್ನೇ ಕೆಡಿಸಿರುತ್ತಾನೆ. ನಾಯಕ ಲಿಂಕ್ ಒಂದು ಮಂತ್ರದಂಡವನ್ನು ಪಡೆದು, ಮರದ ಬೊಡ್ಡೆಯ ಮೇಲೆ ನಿಂತು ಅದನ್ನು ಬೀಸಿದಾಗ ಋತು ಬದಲಾಗುತ್ತದೆ. ಚಳಿಗಾಲದಲ್ಲಿ ಕೊಳ ಹೆಪ್ಪುಗಟ್ಟಿ ಅದರ ಮೇಲೆ ನಡೆಯಬಹುದು, ಬೇಸಿಗೆಯಲ್ಲಿ ಬಳ್ಳಿಗಳು ಬೆಳೆದು ಬಂಡೆಯನ್ನು ಹತ್ತಲು ಅನುವಾಗುತ್ತದೆ, ಶರತ್ಕಾಲದಲ್ಲಿ ಉದುರಿದ ಎಲೆಗಳು ಗುಂಡಿಗಳನ್ನು ಮುಚ್ಚಿ ದಾರಿಯಾಗುತ್ತವೆ. ‘ಏಜಸ್’ ನಡೆಯುವುದು ಲ್ಯಾಬ್ರಿನಾದಲ್ಲಿ. ಅಲ್ಲಿ ವೆರಾನ್ ಎಂಬ ಮಾಟಗಾತಿ ಯುಗಗಳ ದೈವವಾಣಿಯಾದ ನೇರು ಎಂಬ ಗಾಯಕಿಯ ದೇಹವನ್ನು ಹೊಕ್ಕು ನಾಡಿನ ಗತಕಾಲವನ್ನು ಕದಡುತ್ತಾಳೆ, ಮತ್ತು ಲಿಂಕ್ ಒಂದು ತಂತಿವಾದ್ಯವನ್ನು ನುಡಿಸುತ್ತ ವರ್ತಮಾನಕ್ಕೂ ಗತಕಾಲಕ್ಕೂ ಓಡಾಡಬೇಕಾಗುತ್ತದೆ. ಗತಕಾಲದಲ್ಲಿ ಸರಿಯಾದ ಜಾಗಕ್ಕೆ ತಳ್ಳಿದ ಒಂದು ಸಸಿ ವರ್ತಮಾನದಲ್ಲಿ ಏಣಿಯಂಥ ಬಳ್ಳಿಯಾಗಿ ನಿಂತಿರುತ್ತದೆ. ಎರಡರಲ್ಲೂ ಎಂಟೆಂಟು ನೆಲಮಾಳಿಗೆಗಳಿವೆ. ‘ಸೀಸನ್ಸ್’ ಕಾದಾಟಕ್ಕೂ ‘ಏಜಸ್’ ಒಗಟುಗಳಿಗೂ ಒತ್ತು ಕೊಟ್ಟಿವೆ.

ಈ ಎರಡನ್ನು ಹೊಲಿಯುವ ಸಾಧನವೇ ‘ಗುಟ್ಟು’ ಎಂದು ಆಟದಲ್ಲಿ ಕರೆಯಲಾಗುವ ಸಂಕೇತಾಕ್ಷರ ಮಾಲೆ. ಒಂದು ಆಟ ಮುಗಿದೊಡನೆ ಪರದೆಯ ಮೇಲೆ 20 ಚಿಹ್ನೆಗಳ ಒಂದು ಮಾಲೆ ಮೂಡುತ್ತದೆ. ಇಂಗ್ಲಿಷ್ ಆವೃತ್ತಿಯಲ್ಲಿ ಅದಕ್ಕೆ ಬಳಸಿದ ಚಿಹ್ನೆಗಳು 64. ಅಂದರೆ ಪ್ರತಿ ಚಿಹ್ನೆ ಆರು ಬಿಟ್‌ಗಳ ಮಾಹಿತಿಯನ್ನು ಹೊತ್ತು, ಇಡೀ ಮಾಲೆ 120 ಬಿಟ್‌ಗಳಲ್ಲಿ ಆಟಗಾರನ ಹೆಸರು, ಅವನ ಸಂಗಾತಿ ಪ್ರಾಣಿ, ಅವನು ಮಾಡಿದ ಕೆಲವು ಆಯ್ಕೆಗಳನ್ನು ಸಾಗಿಸುತ್ತದೆ. ತಂತಿ ಇದ್ದವರು ತಂತಿಯಿಂದ, ಇಲ್ಲದವರು ಕಾಗದದ ಮೇಲೆ ಬರೆದುಕೊಂಡು ಮತ್ತೊಂದು ಕ್ಯಾಸೆಟ್‌ನಲ್ಲಿ ನಮೂದಿಸುವ ಮೂಲಕ ಈ ಗುಟ್ಟನ್ನು ದಾಟಿಸಬಹುದಾಗಿತ್ತು. ಇದರ ಹಿಂದೆ ಜಪಾನಿನ ಒಂದು ಹಳೆಯ ರೂಢಿಯಿದೆ. 1986ರ ಮೊದಲ ‘ಡ್ರ್ಯಾಗನ್ ಕ್ವೆಸ್ಟ್’ನ ಕ್ಯಾಸೆಟ್‌ನಲ್ಲಿ ಆಟವನ್ನು ಉಳಿಸಿಡುವ ವ್ಯವಸ್ಥೆ ಇರಲಿಲ್ಲವಾದ್ದರಿಂದ ಮಕ್ಕಳು 20 ಅಕ್ಷರಗಳ ‘ಪುನರುಜ್ಜೀವನ ಮಂತ್ರ’ವನ್ನು ಬರೆದಿಟ್ಟುಕೊಳ್ಳಬೇಕಾಗಿತ್ತು, ಎರಡನೆಯ ಭಾಗದಲ್ಲಿ ಅದು 52 ಅಕ್ಷರಗಳವರೆಗೂ ಬೆಳೆದಿತ್ತು. ಅಂದು ಯಂತ್ರದ ಬಡತನದಿಂದ ಹುಟ್ಟಿದ ಉಪಾಯವನ್ನು ಒರಾಕಲ್ ತಂಡ ಎರಡು ಕಥೆಗಳ ನಡುವಿನ ಸ್ಮೃತಿಯಾಗಿ ಬಳಸಿಕೊಂಡಿತು.

ಆ ಸ್ಮೃತಿ ಎಷ್ಟು ಸೂಕ್ಷ್ಮವಾಗಿ ಕೆಲಸ ಮಾಡುತ್ತದೆಂಬುದಕ್ಕೆ ಬಿಪಿನ್ ಮತ್ತು ಬ್ಲಾಸಮ್ ಎಂಬ ದಂಪತಿಯ ಮನೆಯೊಂದೇ ಸಾಕು. ಮೊದಲು ಆಡುವ ಆಟದಲ್ಲಿ ಆ ಮನೆಯಲ್ಲಿ ಒಂದು ಹಸುಗೂಸಿರುತ್ತದೆ, ಮತ್ತು ತಾಯಿ ಅದಕ್ಕೆ ಹೆಸರಿಡಬೇಕೆಂದು ಲಿಂಕ್‌ನನ್ನೇ ಕೇಳುತ್ತಾಳೆ. ಮುಂದೆ ಮತ್ತೆ ಮತ್ತೆ ಆ ಮನೆಗೆ ಹೋದಾಗ ಮಗುವಿಗೆ ಕಾಯಿಲೆಯಾಗಿದೆ, ವೈದ್ಯರಿಗೆ ಹಣ ಬೇಕು, ರಾತ್ರಿ ನಿದ್ರಿಸುತ್ತಿಲ್ಲ, ಏನು ಮಾಡಲಿ ಎಂಬಂಥ ಮಾತುಗಳಿಗೆ ಆಟಗಾರ ಉತ್ತರಿಸಬೇಕಾಗುತ್ತದೆ. ಕಥೆಯ ಮುಖ್ಯ ಓಟಕ್ಕೆ ಇದರಿಂದ ಏನೂ ಆಗಬೇಕಾದುದಿಲ್ಲ. ಆದರೆ ಎರಡನೆಯ ಕ್ಯಾಸೆಟ್‌ಗೆ ಗುಟ್ಟನ್ನು ಒಯ್ದಾಗ ಅದೇ ದಂಪತಿ ಅಲ್ಲಿಗೆ ಬಂದು ನೆಲೆಸಿರುತ್ತಾರೆ, ಅದೇ ಹೆಸರಿನ ಮಗು ಬೆಳೆದಿರುತ್ತದೆ, ಹಿಂದೆ ಕೊಟ್ಟ ಹಣ ಮತ್ತು ಸಲಹೆಗಳಿಗೆ ಅನುಗುಣವಾಗಿ ಅವನು ಹಾಡುಗಾರನೋ ಯೋಧನೋ ಸೋಮಾರಿಯೋ ಆಗುವ ಹಾದಿಯಲ್ಲಿರುತ್ತಾನೆ. ಇದಲ್ಲದೆ ಒಂದು ಆಟವನ್ನಷ್ಟೇ ಮುಗಿಸಿದವನಿಗೆ ಕೊನೆಯಲ್ಲಿ ಟ್ವಿನ್‌ರೋವಾ ಎಂಬ ಅವಳಿ ಮಾಟಗಾತಿಯರು ಒಂದು ಜ್ವಾಲೆಯನ್ನು ಹೊತ್ತಿಸಿ ಸಂತೋಷಪಡುವ ದೃಶ್ಯ ಮಾತ್ರ ಕಾಣುತ್ತದೆ. ಎರಡನ್ನೂ ಕೂಡಿಸಿ ಆಡಿದವನಿಗೆ ರಾಜಕುಮಾರಿ ಜೆಲ್ಡಾಳ ಅಪಹರಣ, ಆ ಅವಳಿಗಳೊಡನೆ ಯುದ್ಧ, ಅವರು ಎಬ್ಬಿಸಿದ ಗ್ಯಾನನ್ ಎಂಬ ದುಷ್ಟನ ಸಂಹಾರ ಎಂಬ ಪೂರ್ಣ ಅಂತ್ಯ ದೊರೆಯುತ್ತದೆ. ಯಾವುದನ್ನು ಮೊದಲು ಆಡಿದರೂ ಈ ಅಂತ್ಯ ತಪ್ಪುವುದಿಲ್ಲ, ಆದರೆ ಅಲ್ಲಿಗೆ ಹೋಗುವ ದಾರಿಯಲ್ಲಿ ಎದುರಾಗುವ ಪರಿಚಿತ ಮುಖಗಳು ಬೇರೆಯಾಗುತ್ತವೆ.

ಈ ಆಟಗಳು ಹೊರಬಂದ ಸಮಯ ಅಷ್ಟೇನೂ ಅನುಕೂಲಕರವಾಗಿರಲಿಲ್ಲ. 2001ರ ಮಾರ್ಚ್ 21ರಂದು, ಒಂದು ತಿಂಗಳೊಳಗೇ, ನಿಂಟೆಂಡೊದ ಹೊಸ ಯಂತ್ರವಾದ ಗೇಮ್ ಬಾಯ್ ಅಡ್ವಾನ್ಸ್ ಜಪಾನಿನಲ್ಲಿ ಮಾರುಕಟ್ಟೆಗೆ ಬಂದಿತು. ಹಾಗಿದ್ದರೂ ತಂಡ ಅದನ್ನು ಮುಂಗಂಡು, ಹೊಸ ಯಂತ್ರದಲ್ಲಿ ಹಾಕಿ ಆಡಿದರೆ ಮಾತ್ರ ಬಾಗಿಲು ತೆರೆಯುವ ಒಂದು ಅಂಗಡಿಯನ್ನು ಎರಡೂ ಆಟಗಳಲ್ಲಿ ಇರಿಸಿತ್ತು. ಜೋಡಿ ಆಟಗಳ ಮುಂದಿನ ಚರಿತ್ರೆಯಲ್ಲಿ ಇಂಥ ಕಾಳಜಿ ಅಪರೂಪವಾಯಿತು. 2006ರಲ್ಲಿ ಬಂದ ಪೋಕೆಮಾನ್ ‘ಡೈಮಂಡ್’ ಮತ್ತು ‘ಪರ್ಲ್’ಗಳಲ್ಲಿ ಅಂತರ್ಜಾಲದ ಮೂಲಕ ಜಗತ್ತಿನ ಯಾವ ಮೂಲೆಯ ಅಪರಿಚಿತನೊಂದಿಗಾದರೂ ಜೀವಿಗಳನ್ನು ಬದಲಿಸಿಕೊಳ್ಳುವ ವ್ಯವಸ್ಥೆ ಬಂದ ಮೇಲೆ, ಪಕ್ಕದ ಮನೆಯವನು ಯಾವ ಬಣ್ಣ ಕೊಂಡನೆಂಬ ಪ್ರಶ್ನೆ ತನ್ನ ಹಿಂದಿನ ತೂಕವನ್ನು ಕಳೆದುಕೊಂಡಿತು. ಜೋಡಿಯಾಗಿ ಮಾರುವ ಅಭ್ಯಾಸ ಮಾತ್ರ 2022ರ ‘ಸ್ಕಾರ್ಲೆಟ್’ ಮತ್ತು ‘ವಯೊಲೆಟ್’ವರೆಗೂ ಮುಂದುವರಿಯಿತು. 2015ರಲ್ಲಿ ‘ಫೈರ್ ಎಂಬ್ಲಮ್ ಫೇಟ್ಸ್’ ಈ ಪದ್ಧತಿಗೆ ಮತ್ತೊಂದು ಅರ್ಥ ಕೊಟ್ಟಿತು. ಹೆತ್ತ ಕುಟುಂಬ ಮತ್ತು ಸಾಕಿದ ಕುಟುಂಬಗಳ ನಡುವೆ ಯುದ್ಧ ಒದಗಿದಾಗ ನಾಯಕ ಯಾರ ಕಡೆ ನಿಲ್ಲುತ್ತಾನೆಂಬುದರ ಮೇಲೆ ಅದು ಎರಡು ಆವೃತ್ತಿಗಳಾಗಿತ್ತು. ಡಿಜಿಟಲ್ ರೂಪದಲ್ಲಿ ಕೊಂಡವರು ಆರನೆಯ ಅಧ್ಯಾಯದಲ್ಲಿ ಆ ನಿರ್ಧಾರ ತೆಗೆದುಕೊಳ್ಳಬಹುದಾಗಿತ್ತು. ಪೆಟ್ಟಿಗೆಯನ್ನು ಕೊಂಡವರಾದರೋ ಕಥೆಯ ಅತ್ಯಂತ ಭಾರವಾದ ಆಯ್ಕೆಯನ್ನು ಪಾತ್ರಗಳ ಪರಿಚಯವಾಗುವ ಮೊದಲೇ ಅಂಗಡಿಯ ಕಟ್ಟೆಯ ಮುಂದೆ ನಿಂತು ಮಾಡಬೇಕಾಗಿತ್ತು. ಇದು ರಚನೆಯ ದೋಷವೆಂದೇ ಹೇಳಬೇಕು.

ಭಾರತದ ಮಟ್ಟಿಗೆ, ಕರ್ನಾಟಕದ ಮಕ್ಕಳೂ ಸೇರಿದಂತೆ ಹೆಚ್ಚಿನವರಿಗೆ ಆ ಕಾಲದಲ್ಲಿ ಪರಿಚಯವಿದ್ದುದು ಟಿವಿಗೆ ಜೋಡಿಸಿ ಆಡುವ, ಒಂದೇ ಕ್ಯಾಸೆಟ್‌ನಲ್ಲಿ ಹತ್ತಾರು ಆಟಗಳನ್ನು ತುಂಬಿದ ಅಗ್ಗದ ನಕಲು ಯಂತ್ರಗಳು. ಆದ್ದರಿಂದ ಒಂದು ಕಥೆಗಾಗಿ ಎರಡು ಕ್ಯಾಸೆಟ್‌ಗಳನ್ನು ಕೊಳ್ಳುವ ಈ ಜಪಾನಿ ಪದ್ಧತಿ ಇಲ್ಲಿ ಬೇರೂರಲಿಲ್ಲ. ಈಗ ಆ ಅಡ್ಡಿ ಕಡಿಮೆಯಾಗಿದೆ. ಒರಾಕಲ್ ಜೋಡಿ 2013ರಲ್ಲಿ ನಿಂಟೆಂಡೊ 3ಡಿಎಸ್ ಯಂತ್ರದ ಡಿಜಿಟಲ್ ಅಂಗಡಿಯಲ್ಲಿ ಮರುಬಿಡುಗಡೆಯಾಗಿ, ಆ ಅಂಗಡಿಯಲ್ಲಿ ಖರೀದಿ 2023ರ ಮಾರ್ಚ್‌ನಲ್ಲಿ ನಿಂತು, ಅದೇ ವರ್ಷದ ಜುಲೈನಲ್ಲಿ ಸ್ವಿಚ್ ಯಂತ್ರದ ಚಂದಾದಾರರಿಗೆ ಲಭ್ಯವಾಯಿತು. ಇಂದು ಇವನ್ನು ಮೊದಲ ಬಾರಿಗೆ ಕೈಗೆತ್ತಿಕೊಳ್ಳುವವರು ‘ಸೀಸನ್ಸ್’ನಿಂದ ಆರಂಭಿಸುವುದು ಮೇಲು. 1986ರ ಮೂಲ ಜೆಲ್ಡಾದ ದೈತ್ಯರಲ್ಲಿ ಹಲವರು ಅದರಲ್ಲಿಯೇ ಮರಳಿ ಬರುವುದರಿಂದ ಸರಣಿಯ ಹಿನ್ನೆಲೆ ಅಲ್ಲಿ ಸಹಜವಾಗಿ ಮನಸ್ಸಿಗಿಳಿಯುತ್ತದೆ, ಮತ್ತು ಕಾದಾಟದಲ್ಲಿ ಕೈ ಪಳಗಿದ ಮೇಲೆ ‘ಏಜಸ್’ನ ಕಠಿಣ ಒಗಟುಗಳಿಗೆ ಬೇಕಾದ ತಾಳ್ಮೆ ಉಳಿದಿರುತ್ತದೆ.